ಬಸ್ಸು ಹತ್ತಿದ ಕಾಡು

ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಬೋಳು ಗುಡ್ಡ ಕಂಡಲ್ಲೆಲ್ಲ ಅಕೇಶಿಯಾ ನೆಡುವ ಹುಚ್ಚು. ಒಂದೇ ಜಾತಿಯಾದರೆ ಬರವೋ ರೋಗವೋ ಬಂದಾಗ ಗುಡ್ಡಕ್ಕೆ ಗುಡ್ಡವೇ ಹೋಗುತ್ತದೆ, ಹತ್ತು ಜಾತಿ ಇದ್ದರೆ ನಾಲ್ಕಾದರೂ ನಿಲ್ಲುತ್ತವೆ ಎಂಬುದು ನನ್ನ ಹಟ. ಅದಕ್ಕೇ ನಮ್ಮೂರ ಗುಡ್ಡಕ್ಕೆಂದು ವಜ್ರಳ್ಳಿಯಿಂದ ಉಪ್ಪಾಗೆ, ಮುರುಗಲು, ನೇರಳೆ, ಹೊನ್ನೆ ಸಸಿಗಳನ್ನು ಬುಟ್ಟಿ ತುಂಬಿಕೊಂಡು ಶಿರಸಿ ಬಸ್ಸು ಹತ್ತಿದೆ.

“ಇದನ್ನ ಮ್ಯಾಲ ಹಾಕ್ರಿ. ಒಳಗ ಗಿಡಾ ತರೂ ಹಂಗಿಲ್ಲ,” ಎಂದ ಹಾವೇರಿ ಕಡೆಯ ಕಂಡಕ್ಟರ್.

“ಗಾಳಿಗೆ ಬಾಡ್ತವೆ. ಹಾಕೋದಿಲ್ಲ.”

“ಹಂಗಾರ ಇಳೀರಿ.”

“ಇಳಿಯೋದೂ ಇಲ್ಲ.”

ಡ್ರೈವರ್ ಎಂಜಿನ್ ಆಫ್ ಮಾಡಿದ. ಆಗ ಮುಂದಿನ ಸೀಟಿನ ಹವ್ಯಕ ಅಜ್ಜಿಯೊಬ್ಬರು ತಿರುಗಿ, “ತಮಾ, ಒಂದು ಇತ್ಲಾಗಿ ಕೊಡು. ಆನು ಮಡಿಲಲ್ಲಿ ಇಟ್ಕತ್ತೆ,” ಎಂದರು. ಅವರನ್ನು ನೋಡಿ ಉಳಿದವರೂ ಕೈ ಚಾಚಿದರು. ಬುಟ್ಟಿ ಖಾಲಿಯಾಗಿ, ತೊಡೆಗೊಂದು ಗಿಡ ಬಂತು.

“ಈಗ ಯಾರನ್ನು ಮೇಲೆ ಹಾಕ್ತೀರಿ?” ಎಂದೆ. ಕಂಡಕ್ಟರ್ ಸಿಟ್ಟಿನಲ್ಲೇ ಸೀಟಿ ಊದಿದ.

ಗೆದ್ದೆನೆಂದು ಬೀಗುವ ಭರದಲ್ಲಿ ಒಂದನ್ನು ಮರೆತಿದ್ದೆ. ಕದ್ದ ಗಿಡವೇ ಚೆನ್ನಾಗಿ ಬದುಕುತ್ತದೆ ಎಂಬುದು ನಮ್ಮ ಜನರ ನಂಬಿಕೆ. ಒಂದೊಂದು ಸ್ಟಾಪಿನಲ್ಲೂ ಯಾರಾದರೊಬ್ಬರು ಗಿಡದ ಸಮೇತ ಇಳಿದರು. ಅಜ್ಜಿಯಂತೂ ನನ್ನತ್ತ ತಿರುಗಿಯೂ ನೋಡಲಿಲ್ಲ. ಶಿರಸಿಯಲ್ಲಿ ನನಗೆ ಉಳಿದದ್ದು ಬರೀ ಬುಟ್ಟಿ. ಕಂಡಕ್ಟರನ ಚೀಲದಿಂದಲೂ ಒಂದು ಮುರುಗಲು ಇಣುಕುತ್ತಿತ್ತು.

ಮರುವಾರ ಮತ್ತೆ ಅದೇ ಬಸ್ಸು ಹತ್ತಿದೆ. ಈ ಸಲ ಬುಟ್ಟಿ ಎರಡು: ಒಂದು ಗುಡ್ಡಕ್ಕೆ, ಇನ್ನೊಂದು ಕಳ್ಳರಿಗೆ.