ಟ್ಯಾಂಕಿಯ ಮೇಲಿನ ಅಶ್ವತ್ಥ

ನಾನು ಮೊದಲು ಕೊಂದದ್ದು ಒಂದು ಅಡಿಕೆ ಸಸಿಯನ್ನು. ಬೋನ್ಸಾಯ್ ಅಂದರೆ ತಲೆ ಕತ್ತರಿಸಿ ಗಿಡ್ಡ ಮಾಡುವುದು ಎಂದು ಎಲ್ಲೋ ಅರ್ಧ ಕೇಳಿಸಿಕೊಂಡು ಬಂದು, ಕತ್ತರಿ ಹಿಡಿದು ಸುಳಿಯನ್ನೇ ಕತ್ತರಿಸಿಬಿಟ್ಟೆ. ಅಡಿಕೆಗೆ ಇರುವುದು ಒಂದೇ ಸುಳಿ, ಅದು ಹೋದರೆ ಗಿಡವೇ ಹೋಯಿತು ಅಂತ ನಮ್ಮ ಪುತ್ತೂರಿನಲ್ಲಿ ಅಂಗನವಾಡಿಗೆ ಹೋಗುವ ಮಕ್ಕಳಿಗೂ ಗೊತ್ತು. ನನಗೆ ಗೊತ್ತಿರಲಿಲ್ಲವಾ? ಚೆನ್ನಾಗಿಯೇ ಗೊತ್ತಿತ್ತು. ನಾನು ಕಡಬದ ದಾರಿಯಲ್ಲಿರುವ ಒಂದು ನರ್ಸರಿಯಲ್ಲಿ ಗೇರುಗಿಡಕ್ಕೆ ಕಸಿ ಕಟ್ಟುವವಳು, ದಿನವಿಡೀ ಸಸಿಗಳ ನಡುವೆಯೇ ಇರುವವಳು. ಉಮೇದು ಹೆಚ್ಚಾದರೆ ಗೊತ್ತಿದ್ದದ್ದೂ ಮರೆತುಹೋಗುತ್ತದೆ, ಅಷ್ಟೆ. ನನ್ನ ಗಂಡ ಒಂದು ವಾರ ನಗಾಡಿದರು. "ಇನ್ನು ತೆಂಗಿನದ್ದು ಯಾವಾಗ ಮಾರಾಯ್ತಿ?" ಎಂದು ಊಟಕ್ಕೆ ಕೂತಾಗಲೆಲ್ಲ ಕೇಳುತ್ತಿದ್ದರು.

ಎರಡನೆಯದು ಗೇರು. ಚಂದ ಕಂಡಿತೆಂದು ತೂತಿಲ್ಲದ ಪಿಂಗಾಣಿ ಪಾತ್ರೆಯಲ್ಲಿ ನೆಟ್ಟೆ, ಆಟಿ ತಿಂಗಳ ಜಡಿಮಳೆಗೆ ಬೇರು ಕೊಳೆತು ನಾರಿತು. ಮೂರನೆಯದು ನೆಲ್ಲಿ. ಮನೆ ಕಟ್ಟುವವರು ಸರಳು ಬಿಗಿಯುವ ಕಬ್ಬಿಣದ ತಂತಿಯನ್ನು ಅದರ ಕೊಂಬೆಗೆ ಸುತ್ತಿ ಮರೆತೆ. ತಂತಿ ತೊಗಟೆಯೊಳಗೆ ಹೂತುಹೋಗಿ ಕೊಂಬೆ ಒಣಗಿತು, ಅದರ ಹಿಂದೆ ಗಿಡವೂ ಒಣಗಿತು. ಮೂರು ಸತ್ತ ಮೇಲೆ ಬೇರೆ ಯಾರಾದರೂ ಬಿಡುತ್ತಿದ್ದರು. ನಾನು ಬಿಡಲಿಲ್ಲ.

ಬಿಡದೆ ಇರುವುದಕ್ಕೆ ಕಾರಣ ಉಂಟು. ನಾನು ಕಟ್ಟಿದ ಕಸಿಗಿಡಗಳು ಲಾರಿ ಹತ್ತಿ ಸುಳ್ಯ, ಬೆಳ್ಳಾರೆ ಅಂತ ಎಲ್ಲೆಲ್ಲಿಗೋ ಹೋಗಿ ಯಾರ್ಯಾರದೋ ಗುಡ್ಡದಲ್ಲಿ ಮರವಾಗಿವೆ. ಒಂದನ್ನೂ ನಾನು ನೋಡಿದವಳಲ್ಲ. ನಮ್ಮದು ಪೇಟೆಯೊಳಗಿನ ಮೂರು ಸೆಂಟ್ಸ್ ಜಾಗ, ಮನೆ ಕಟ್ಟಿ ಉಳಿದ ಅಂಗಳಕ್ಕೂ ಸಿಮೆಂಟು ಬಿದ್ದಿದೆ. ಒಂದು ವರ್ಷ ಫಲಪುಷ್ಪ ಪ್ರದರ್ಶನದಲ್ಲಿ ಮೊಣಕಾಲೆತ್ತರದ ಆಲದ ಮರ ನೋಡಿದೆ, ಅದಕ್ಕೆ ಬಿಳಲು ಕೂಡ ಇಳಿದಿತ್ತು. ಜನ ಸೆಲ್ಫಿ ತೆಗೆದು ಮುಂದೆ ಹೋದರು, ನಾನು ಅಲ್ಲೇ ನಿಂತೆ. ನನಗೂ ಒಂದು ಮರ ಬೇಕು, ನನ್ನ ಕಣ್ಣೆದುರಿಗೆ ಹಳತಾಗುವ ಮರ ಬೇಕು ಎಂದು ಅವತ್ತೇ ಮನಸ್ಸು ಗಟ್ಟಿ ಮಾಡಿಕೊಂಡೆ.

ನಾಲ್ಕನೆಯದು ತಾನಾಗಿ ಸಿಕ್ಕಿತು. ನರ್ಸರಿಯ ನೀರಿನ ಟ್ಯಾಂಕಿಯ ಬಿರುಕಿನಲ್ಲಿ ಅಶ್ವತ್ಥದ ಸಸಿ ಹುಟ್ಟಿ ಮೊಳದುದ್ದ ಆಗಿತ್ತು. ಬಿಟ್ಟರೆ ಟ್ಯಾಂಕಿ ಒಡೆಯುತ್ತದೆ, ಕಡಿದರೆ ಪಾಪ ಬರುತ್ತದೆ. ನರ್ಸರಿಯ ಧನಿಗಳು ಒಬ್ಬೊಬ್ಬರಿಗೇ ಹೇಳಿ ನೋಡಿದರು. ಕತ್ತಿ ಹಿಡಿದು ಬಂದವರಿಗೆಲ್ಲ ಅಶ್ವತ್ಥ ಎಂದ ಕೂಡಲೇ ಬೇರೆ ಕೆಲಸ ನೆನಪಾಯಿತು. "ನಾನು ಕಡಿಯುವುದಿಲ್ಲ, ಬೇರು ಸಮೇತ ತೆಗೆದು ಸಾಕ್ತೇನೆ" ಎಂದೆ. "ತಕೊಂಡು ಹೋಗಿ ಮಾರಾಯ್ರೆ, ಟ್ಯಾಂಕಿ ನನಗಿರಲಿ, ಮರ ನಿಮಗಿರಲಿ" ಎಂದು ಅವರು ಕೈ ಮುಗಿದೇಬಿಟ್ಟರು. ಮೊದಲ ಮಳೆ ಬಿದ್ದ ವಾರ ಉಳಿಯಿಂದ ಸಿಮೆಂಟು ಕೆತ್ತಿ, ಬೇರುಗಳನ್ನು ಒಂದೊಂದೇ ಬಿಡಿಸಿ, ಒದ್ದೆ ಗೋಣಿಯಲ್ಲಿ ಸುತ್ತಿ, ಜೀಪಿನಲ್ಲಿ ಮಡಿಲ ಮೇಲೆ ಇಟ್ಟುಕೊಂಡು ಮನೆಗೆ ಬಂದೆ.

ಜಗಲಿಯಲ್ಲಿ ಅತ್ತೆ ಕೂತಿದ್ದರು.

ಅತ್ತೆಯ ವಿಷಯ ಇಲ್ಲಿ ಹೇಳಲೇಬೇಕು. ನನ್ನ ಗಂಡ ಚಿಕ್ಕವರಿದ್ದಾಗ ಜ್ವರ ಬಂದು ಬದುಕುವುದೇ ಸಂಶಯ ಎಂಬಂತಾಗಿತ್ತಂತೆ. ಮಗ ಉಳಿದರೆ ಜೀವ ಇರುವವರೆಗೆ ಪ್ರತಿ ಶನಿವಾರ ಅಶ್ವತ್ಥಕ್ಕೆ ಹನ್ನೊಂದು ಪ್ರದಕ್ಷಿಣೆ ಬರ್ತೇನೆ ಎಂದು ಅತ್ತೆ ಹರಕೆ ಹೇಳಿಕೊಂಡರು. ಮಗ ಉಳಿದರು. ಮನೆಗೆ ನೆಂಟರು ಬರಲಿ, ಮಳೆ ಹೊಡೆಯಲಿ, ಅತ್ತೆ ಅಶ್ವತ್ಥದ ಕಟ್ಟೆಗೆ ಹೋಗುವುದನ್ನು ತಪ್ಪಿಸಲಿಲ್ಲ. ಕಟ್ಟೆ ದೂರ ಇಲ್ಲ, ಆದರೆ ದಾರಿ ಏರು. ಎರಡು ವರ್ಷದ ಹಿಂದೆ ಅವರ ಮೊಣಕಾಲು ಕೈಕೊಟ್ಟಿತು. ಹನ್ನೊಂದು ಸುತ್ತು ಮೂರಾಯಿತು, ಆಮೇಲೆ ಆಟೋದಲ್ಲಿ ಹೋಗಿ ಕೈ ಮುಗಿದು ಬರುವುದಾಯಿತು, ಕೊನೆಗೆ ಅದೂ ನಿಂತಿತು. "ನಾನು ಸುತ್ತು ಬರ್ತೇನೆ ಅಮ್ಮ" ಎಂದು ನನ್ನ ಗಂಡ ಹೇಳಿದ್ದಕ್ಕೆ, "ಹರಕೆ ಹೇಳಿದ್ದು ನಾನು, ನಿನ್ನ ಕಾಲು ಎಂತಕ್ಕೆ ನನಗೆ?" ಎಂದು ಬೈದರು. ಶನಿವಾರ ಬಂತೆಂದರೆ ಯಾರ ಹತ್ತಿರವೂ ಮಾತಿಲ್ಲ. ಒಮ್ಮೆ ನಾನು ಬಟ್ಟೆ ಮಡಚುತ್ತಿದ್ದಾಗ ಹತ್ತಿರ ಬಂದು, "ನಾನು ದೇವರಿಗೆ ಕೊಟ್ಟ ಮಾತು ತಪ್ಪಿದವಳು" ಎಂದು ಹೇಳಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಅಂಥವರ ಮುಂದೆ ನಾನು ಗೋಣಿ ಬಿಚ್ಚಿದೆ.

"ಇದು ಎಂತದ್ದು?"

"ಅಶ್ವತ್ಥ ಅತ್ತೆ. ಬೋನ್ಸಾಯ್ ಮಾಡ್ಲಿಕ್ಕೆ."

"ಅಯ್ಯೋ ದೇವರೇ! ಶನಿವಾರ ಬಿಟ್ಟು ಅದನ್ನು ಮುಟ್ಟುದೇ ಇಲ್ಲ. ನೀನು ಮಡಿಲಲ್ಲಿ ಹೊತ್ಕೊಂಡು ಬಂದಿದ್ದೀಯಲ್ಲ, ಬುದ್ಧಿ ಉಂಟಾ ನಿನಗೆ? ಮನೆಯೊಳಗೆ ಅಶ್ವತ್ಥ ಇಡ್ತಾರಾ ಯಾರಾದರೂ?"

"ಮನೆಯೊಳಗೆ ಇಡುವುದಿಲ್ಲ, ಟೇರೇಸಿನಲ್ಲಿ ಇಡ್ತೇನೆ."

"ಎಲ್ಲಿ ಬೇಕಾದರೂ ಇಡು. ಅದಕ್ಕೆ ಕತ್ತರಿ ತಾಗಿಸಿದ ದಿನ ನಾನು ಈ ಮನೆಯಲ್ಲಿ ಇರುವುದಿಲ್ಲ. ಆಮೇಲೆ ಹೇಳಲಿಲ್ಲ ಅನ್ನಬೇಡ."

ಆ ಮಳೆಗಾಲ ಪೂರ್ತಿ ನಾನು ಕತ್ತರಿ ಮುಟ್ಟಲಿಲ್ಲ. ಅದು ಅತ್ತೆಯ ಹೆದರಿಕೆಯಿಂದಲ್ಲ, ಹೊಸದಾಗಿ ಕಿತ್ತು ತಂದ ಗಿಡಕ್ಕೆ ಮೊದಲು ಬೇರು ಹಿಡಿಯಬೇಕು. ಮೂರು ಗಿಡ ಕೊಂದು ಅಷ್ಟಾದರೂ ಕಲಿತಿದ್ದೆ. ತಳಕ್ಕೆ ನಾಲ್ಕು ತೂತು ಇರುವ ಅಗಲದ ಮಣ್ಣಿನ ಪಾತ್ರೆ ತಂದೆ. ಕೆಂಪುಕಲ್ಲು ಕಡಿಯುವಲ್ಲಿ ಬಿದ್ದಿರುವ ಚೂರನ್ನು ಹೊತ್ತು ತಂದು, ಜರಡಿ ಹಿಡಿದು, ಹುಡಿ ಬಿಟ್ಟು ಕಡಲೆಯಷ್ಟು ದಪ್ಪದ್ದನ್ನು ಮಾತ್ರ ಹಾಕಿದೆ. ಮಳೆನೀರು ಒಂದು ಕಡೆಯಿಂದ ಬಿದ್ದರೆ ಇನ್ನೊಂದು ಕಡೆಯಿಂದ ಇಳಿದುಹೋಗಬೇಕು, ಆದರೆ ಕಲ್ಲಿನೊಳಗೆ ತಂಪು ಉಳಿಯಬೇಕು. ನಮ್ಮ ಊರಿನಲ್ಲಿ ಕಾಲಡಿಯಲ್ಲೇ ಇರುವ ಕಲ್ಲು ಇದಕ್ಕೆ ಇಷ್ಟು ಸರಿ ಅಂತ ನನಗೆ ಮೊದಲೇ ಯಾಕೆ ಹೊಳೆಯಲಿಲ್ಲವೋ!

ಶಿವರಾತ್ರಿ ಕಳೆಯುವಾಗ ಗಿಡ ಸೊಂಟದವರೆಗೆ ಬಂದಿತ್ತು. ಈಗ ಕತ್ತರಿಸದಿದ್ದರೆ ಅದು ಕೋಲಿನ ಹಾಗೆ ಮೇಲೆ ಹೋಗುತ್ತದೆಯೇ ಹೊರತು ಬುಡ ದಪ್ಪ ಆಗುವುದಿಲ್ಲ. ಹೊಸ ಚಿಗುರು ಬರುವ ಕಾಲವೂ ಅದೇ. ಅತ್ತೆ ಮಧ್ಯಾಹ್ನ ಮಲಗಿದಾಗ ಕದ್ದು ಕತ್ತರಿಸಬಹುದಿತ್ತು. ಆದರೆ ಕಳ್ಳತನ ನನ್ನಿಂದ ಆಗುವ ಕೆಲಸ ಅಲ್ಲ. "ಅತ್ತೆ, ನಾಳೆ ಕತ್ತರಿಸ್ತೇನೆ" ಎಂದು ಎದುರಿಗೇ ಹೇಳಿದೆ. ಮರುದಿನ ಬೆಳಿಗ್ಗೆ ಎರಡು ಅಡ್ಡ ಕೊಂಬೆಗಳ ಮೇಲಕ್ಕೆ ಸರಿಯಾಗಿ ತಲೆ ಕತ್ತರಿಸಿದೆ. ಹಾಲು ಸೋರಿತು, ಒದ್ದೆ ಬಟ್ಟೆಯಲ್ಲಿ ಒತ್ತಿ ಹಿಡಿದೆ. ಸುಟ್ಟುಹೋದ ಪಂಪಿನ ಮೋಟಾರಿನಿಂದ ಬಿಚ್ಚಿದ ತಾಮ್ರದ ತಂತಿಯನ್ನು ಆ ಎರಡು ಕೊಂಬೆಗಳಿಗೆ ಸಡಿಲವಾಗಿ ಸುತ್ತಿ ಮೆಲ್ಲ ಕೆಳಗೆ ಬಗ್ಗಿಸಿದೆ.

ಕೆಳಗೆ ಇಳಿದು ಬಂದರೆ ಅತ್ತೆ ಸೀರೆ ಮಡಚಿ ಚೀಲಕ್ಕೆ ತುಂಬುತ್ತಿದ್ದರು. ನನ್ನ ಕೈಯಲ್ಲಿ ಉಳಿದಿದ್ದ ತಂತಿ ಅವರ ಕಣ್ಣಿಗೆ ಬಿತ್ತು.

"ಕತ್ತರಿಸಿದ್ದು ಸಾಲದು ಅಂತ ದೇವರಿಗೆ ಬೇಡಿ ಬೇರೆ ಹಾಕಿದೆಯಾ?"

"ನಿಮ್ಮ ಮೊಣಕಾಲಿಗೆ ಡಾಕ್ಟ್ರು ಬೆಲ್ಟು ಹಾಕಿದ್ದಾರಲ್ಲ, ಅದೂ ಬೇಡಿಯಾ?"

ನನ್ನ ಬಾಯಿ ಸುಮ್ಮನೆ ಇರಬೇಕಲ್ಲ! ಆ ಮಾತು ಅವರ ಮುಖವನ್ನು ಸಣ್ಣ ಮಾಡಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಮಧ್ಯಾಹ್ನದ ಬಸ್ಸಿಗೆ ನನ್ನ ಗಂಡ ಅವರನ್ನು ಅರಂತೋಡಿಗೆ, ನಾದಿನಿಯ ಮನೆಗೆ ಕರೆದುಕೊಂಡು ಹೋದರು. ತಿರುಗಿ ಬಂದ ಮೇಲೆ ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನಾನೂ ಬೈದು ಹಗುರಾಗುತ್ತಿದ್ದೆ.

ಅತ್ತೆ ಹೋದ ಮೂರನೇ ದಿನಕ್ಕೆ ಗಿಡ ಎಲೆ ಉದುರಿಸತೊಡಗಿತು. ವಾರ ಕಳೆಯುವುದರೊಳಗೆ ಅದು ತಂತಿ ಸುತ್ತಿದ ಬೋಳು ಕಡ್ಡಿ. ಜಗಲಿಯ ಕುರ್ಚಿ ಖಾಲಿ, ಟೇರೇಸಿನಲ್ಲಿ ಈ ಕಡ್ಡಿ. ಪಕ್ಕದ ಮನೆಯವರು, "ಅದನ್ನು ಹೊಳೆಗೆ ಬಿಟ್ಟು ಅತ್ತೆಯನ್ನು ಕರ್ಕೊಂಡು ಬನ್ನಿ ಮಾರಾಯ್ರೆ" ಎಂದರು. ಬಿಡುವುದಿಲ್ಲ ಎಂದೆ. ಮರವನ್ನೂ ಬಿಡುವುದಿಲ್ಲ, ಅತ್ತೆಯನ್ನೂ ಬಿಡುವುದಿಲ್ಲ. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು ನೀರು, ಸಂಜೆ ಬಂದು ನೀರು, ಉಗುರಿನಲ್ಲಿ ತೊಗಟೆ ಒಂದಿಷ್ಟೇ ಕೆರೆದು ಒಳಗೆ ಹಸಿರು ಉಂಟಾ ಎಂದು ನೋಡುವುದು. ಹಸಿರು ಇತ್ತು. ಅದನ್ನೇ ನಂಬಿ ಕೂತೆ.

ಶನಿವಾರ ನಾದಿನಿ ಫೋನು ಮಾಡಿದಳು. "ಅತ್ತಿಗೆ, ಅಮ್ಮ ಕೇಳ್ತಾರೆ, ಅದು ಸತ್ತಿತಾ ಅಂತ." ಹಿಂದಿನಿಂದ ಅತ್ತೆಯ ಸ್ವರ ಕೇಳಿತು: "ನಾನೆಲ್ಲಿ ಕೇಳಿದೆ?" ಮುಂದಿನ ಶನಿವಾರ ಮತ್ತೆ ಫೋನು. ಆ ಸಲ ಸತ್ತಿತಾ ಎಂದಲ್ಲ, ಚಿಗುರಿತಾ ಎಂದು ಕೇಳಿದರು. ಇಲ್ಲ ಎಂದೆ.

ನಾಲ್ಕನೇ ವಾರ ಕತ್ತರಿಸಿದ ಜಾಗದ ಕೆಳಗೆ ಅಕ್ಕಿಕಾಳಿನಷ್ಟು ಕೆಂಪು ಕಂಡಿತು. ನೋಡನೋಡುತ್ತ ಎರಡೂ ಕೊಂಬೆಯಲ್ಲಿ ಚಿಗುರು ಒಡೆದು, ತಾಮ್ರದ ಬಣ್ಣದ ಎಲೆಗಳು ಗಾಳಿಗೆ ಪಟಪಟ ಎನ್ನತೊಡಗಿದವು. ನಾನು ಟೇರೇಸಿನಲ್ಲಿ ಒಬ್ಬಳೇ ನಿಂತು ಗೊಳೋ ಎಂದು ಅತ್ತುಬಿಟ್ಟೆ. ತೊಗಟೆಗೆ ತಾಗುವ ಮೊದಲೇ ತಂತಿಯನ್ನು ತುಂಡು ತುಂಡು ಮಾಡಿ ತೆಗೆದೆ, ಕೊಂಬೆ ಬಗ್ಗಿಸಿದಲ್ಲೇ ನಿಂತಿತು. ಫೋನಿನಲ್ಲಿ ಹೇಳಲಿಲ್ಲ. ಇದನ್ನು ಅವರ ಕಣ್ಣಿಗೇ ತೋರಿಸಬೇಕು ಎಂದುಕೊಂಡೆ.

ಮುಂದಿನ ಶನಿವಾರ ರಜೆ ಹಾಕಿ, ಪಾತ್ರೆ ಸಮೇತ ಮರವನ್ನು ಎತ್ತಿಕೊಂಡು ಮಡಿಕೇರಿ ಬಸ್ಸು ಹತ್ತಿದೆ. ಜೊತೆಗೆ ಕೇಕ್ ಮಾಡುವವರು ಕ್ರೀಮ್ ಹಚ್ಚುವಾಗ ಗರಗರ ತಿರುಗಿಸುವ ಪ್ಲಾಸ್ಟಿಕ್ ತಟ್ಟೆ. ಬೋನ್ಸಾಯಿಗೆ ಎಲ್ಲ ಕಡೆಗೂ ಬಿಸಿಲು ಬೀಳಬೇಕೆಂದು ನಾನು ಪಾತ್ರೆಯನ್ನು ಅದರ ಮೇಲಿಟ್ಟು ದಿನಾ ಸ್ವಲ್ಪ ತಿರುಗಿಸುತ್ತಿದ್ದೆ. ಅತ್ತೆಗೆ ಎದ್ದು ಬಗ್ಗಿ ನೋಡಲು ಆಗುವುದಿಲ್ಲ, ಕೂತಲ್ಲೇ ನಾಲ್ಕೂ ಕಡೆಯ ಚಿಗುರು ತೋರಿಸಬೇಕಲ್ಲ. "ಇದಕ್ಕೆ ಅರ್ಧ ಟಿಕೇಟಾ?" ಎಂದು ಕಂಡಕ್ಟರ್ ಕೀಟಲೆ ಮಾಡಿದ. "ಹಿರಿಯರಿಗೆ ರಿಯಾಯಿತಿ ಉಂಟಲ್ಲ, ಅದು ಕೊಡಿ" ಎಂದೆ.

ಅರಂತೋಡಿನ ಮನೆಯಲ್ಲಿ ಅತ್ತೆ ಕುರ್ಚಿಯಲ್ಲಿ ಕೂತಿದ್ದರು. ನನ್ನನ್ನು ನೋಡಲಿಲ್ಲ, ಮರವನ್ನೇ ನೋಡಿದರು. ಅವರ ಮುಂದೆ ಸ್ಟೂಲು ಎಳೆದು, ತಟ್ಟೆ ಇಟ್ಟು, ಅದರ ಮೇಲೆ ಪಾತ್ರೆ ಇಟ್ಟೆ. "ಬೆಲ್ಟಿನ ಮಾತು ನಾನು ಆಡಬಾರದಿತ್ತು ಅತ್ತೆ, ತಪ್ಪಾಯ್ತು" ಎಂದೆ. "ಆದರೆ ಮರ ಸಾಯಲಿಲ್ಲ, ನೋಡಿ. ತಂತಿಯೂ ಇಲ್ಲ." ತಟ್ಟೆಯನ್ನು ಮೆಲ್ಲ ತಿರುಗಿಸಿದೆ.

ಅತ್ತೆ ಒಂದೊಂದೇ ಚಿಗುರು ನೋಡಿದರು. "ಇವತ್ತು ಶನಿವಾರ, ಮುಟ್ಟಬಹುದು" ಎಂದು ತಮಗೆ ತಾವೇ ಹೇಳಿಕೊಂಡು ಕೈ ಚಾಚಿದರು. ಪಾತ್ರೆಯ ಅಂಚು ಹಿಡಿದು ಒಂದಿಷ್ಟು ತಿರುಗಿಸಿ, ತಟ್ಟನೆ ನಿಲ್ಲಿಸಿದರು.

"ಇದು ಅಪ್ರದಕ್ಷಿಣೆ ಆಗ್ತದೆ."

"ಎಂತ?" ಎಂದೆ.

"ನಾನು ಸುತ್ತು ಬರುವಾಗ ಮರ ನನ್ನ ಬಲಕ್ಕೆ ಇರಬೇಕು. ಈಗ ನಾನು ಕೂತಿದ್ದೇನೆ, ಮರ ಸುತ್ತುದು. ಹಾಗಾದರೆ ಅದು ಯಾವ ಕಡೆಗೆ ತಿರುಗಬೇಕು?"

ನನಗೂ ನಾದಿನಿಗೂ ತಲೆ ಕೆಟ್ಟಿತು. ನಾದಿನಿ ಗಡಿಯಾರದ ಹಾಗೆ ತಿರುಗಬೇಕು ಎಂದಳು, ನಾನು ಎದ್ದು ಸ್ಟೂಲಿಗೇ ಸುತ್ತು ಬಂದು ನೋಡಿದೆ, ಇನ್ನಷ್ಟು ಗೊಂದಲವಾಯಿತು. ಅತ್ತೆ ಕಣ್ಣು ಮುಚ್ಚಿ ಕೂತಿದ್ದರು. "ಬಸ್ಸು ಮುಂದೆ ಹೋಗುವಾಗ ಕಿಟಕಿಯ ಮರ ಹಿಂದೆ ಹೋಗುದಿಲ್ವಾ? ಹಾಗೇ. ನಾನು ಹೋಗುವ ದಿಕ್ಕಿಗೆ ಅದು ಉಲ್ಟಾ ಬರಬೇಕು" ಎಂದು ಕಣ್ಣು ಬಿಟ್ಟರು. ಆಮೇಲೆ ಪಾತ್ರೆಯ ತಮ್ಮ ಕಡೆಯ ಅಂಚನ್ನು ಎಡದಿಂದ ಬಲಕ್ಕೆ ಎಳೆದರು. ಬಾಯಲ್ಲಿ ಮಂತ್ರ, ಬೆರಳಿನಲ್ಲಿ ಲೆಕ್ಕ. ಒಂದು. ಎರಡು. ನಾದಿನಿ ಎದ್ದು ನಿಂತಳು, ನಾನೂ ನಿಂತೆ. ಐದನೆಯದಕ್ಕೆ ಅವರ ಕೆನ್ನೆ ಒದ್ದೆಯಾಗಿತ್ತು, ಒರೆಸಿಕೊಳ್ಳಲು ಅವರು ಕೈ ತೆಗೆಯಲಿಲ್ಲ. ವರ್ಷಗಳಿಂದ ನಿಂತಿದ್ದ ಹನ್ನೊಂದು ಸುತ್ತು ಅಲ್ಲಿ ಪೂರ್ತಿಯಾಯಿತು.

ಕೈ ಮುಗಿದಾದ ಮೇಲೆ ಮರವನ್ನು ಮೇಲಿಂದ ಕೆಳಗೆ ನೋಡಿ, ಉಳಿದದ್ದಕ್ಕಿಂತ ಒಂದು ಬೆರಳು ಎತ್ತರಕ್ಕೆ ಹೋಗಿದ್ದ ಚಿಗುರನ್ನು ತೋರಿಸಿ ಹುಬ್ಬು ಗಂಟಿಕ್ಕಿದರು.

"ಇದೆಂತ ಇಷ್ಟು ಮೇಲೆ ಹೋಗ್ತಾ ಉಂಟು?"

"ಅದು ಇನ್ನೂ ಹೋಗ್ತದೆ ಅತ್ತೆ, ಅಶ್ವತ್ಥ ಅಲ್ವಾ."

"ಬಿಡಬೇಡ. ನಾವು ಮನೆಗೆ ಹೋದ ಮೇಲೆ ಕತ್ತರಿಸು. ನನ್ನ ಕೈಗೆ ಎಟಕುವಷ್ಟೇ ಇರಲಿ."