ಹೋಗಿ ಬರ್ರಿ

ದೇಶದೇಶಗಳಿಂದ ಕೂಡಿಹಾಕಿದ ನನ್ನ ಇಷ್ಟದ ಸಿನಿಮಾಗಳೆಲ್ಲ ಒಂದು ಹಾರ್ಡ್‌ಡಿಸ್ಕ್‌ನಲ್ಲಿವೆ. ಕರೂರಿನ ಸೋದರತ್ತೆ ಪಾರ್ವತಿನಗರದ ನಮ್ಮ ಮನೆಗೆ ಬಂದಾಗಲೆಲ್ಲ ಅದರಲ್ಲಿನ ಒಂದು ಜಪಾನಿ ಕಾರ್ಟೂನನ್ನೇ ಹಾಕಿಸಿಕೊಳ್ಳುತ್ತಿದ್ದರು. ಕೊನೆಯಲ್ಲಿ ಒಬ್ಬ ಮುದುಕಿ ಛತ್ರಿ ಹಿಡಿದು ಹೊಸ್ತಿಲು ದಾಟುವಾಗ, ನೆಂಟರನ್ನು ಕಳಿಸುವಂತೆ "ಹೋಗಿ ಬರ್ರಿ" ಎನ್ನುತ್ತಿದ್ದರು.

"ಅದು ಬರೇ ಗೊಂಬಿ, ಅತ್ತಿ" ಎಂದರೆ ನನಗೇ ಬೈಗುಳ. "ಬರೇ ಹೋಗ್ರಿ ಅನಬಾರದು ಲೇ. ಹಂಗಂದ್ರ ಹೋದೋರು ತಿರುಗಿ ಬರಂಗಿಲ್ಲ."

ಅತ್ತೆ ತೀರಿಕೊಂಡ ಮೇಲೆ, ಒಂದು ಸುಡುವ ಮಧ್ಯಾಹ್ನ ಅದನ್ನೇ ಹಾಕಿದೆ. ಎಂದೂ ನಿಲ್ಲದ ಮುದುಕಿ ಅಂದು ಹೊಸ್ತಿಲಲ್ಲಿ ನಿಂತಳು. ತಿರುಗಿ, ಅತ್ತೆಯ ಖಾಲಿ ಕುರ್ಚಿಯನ್ನೇ ನೋಡಿದಳು. ರಿಮೋಟ್ ಎಷ್ಟು ಒತ್ತಿದರೂ ಕದಲಲಿಲ್ಲ.

ಆ ಮಾತಿಗಾಗಿ ಕಾಯುತ್ತಿದ್ದಾಳೆಂದು ಹೊಳೆಯಿತು. "ಹೋಗ್ರಿ" ಎಂದೆ. "ಬರ್ರಿ" ಅನ್ನಲು ನನಗೆ ಧೈರ್ಯವಾಗಲಿಲ್ಲ.