ಪ್ಲಾಸ್ಟಿಕ್ ತೆಗೆಯದ ಕಾರು

ನಮ್ಮಪ್ಪನ ದನಿ ತೆಗೆಯುವುದು ಬಲು ಸುಲಭ. ಚಷ್ಮಾವನ್ನು ಮೂಗಿನ ತುದಿಗಿಳಿಸಿ, ಗಂಟಲನ್ನು ತುಸು ಹಿಂಡಿ, "ಬಾಗ್ಲಾ ಸಾವಕಾಶ!" ಎಂದರೆ ಮುಗಿಯಿತು. ಒಮ್ಮೆ ಪಡಸಾಲೆಯಿಂದ ನಾನು ಹಾಗೆ ಕೂಗಿದಾಗ, ಅಡುಗೆಮನೆಯಲ್ಲಿದ್ದ ಅವ್ವ ರೊಟ್ಟಿ ಡಬ್ಬಿಯ ಮುಚ್ಚಳವನ್ನು ಸದ್ದಾಗದಂತೆ ಮುಚ್ಚಿದ್ದಳು. ಕಾಲೇಜಿನ ಗ್ಯಾದರಿಂಗಿನಲ್ಲಿ ನಾನು ಪ್ರಿನ್ಸಿಪಾಲರನ್ನು, ಕಂಡಕ್ಟರನನ್ನು, ಲಗ್ನದ ಊಟದಲ್ಲಿ ಮುನಿಸಿಕೊಂಡ ಬೀಗರನ್ನು ಎಲ್ಲ ಮಾಡಿ ಚಪ್ಪಾಳೆ ಗಿಟ್ಟಿಸುತ್ತಿದ್ದೆ. "ಈಗ ನಿನ್ನ ದನೀಲೆ ಒಂದು ಮಾತಾಡು ನೋಡೋಣು" ಎಂದು ಯಾರಾದರೂ ಕೇಳಿದರೆ ಮಾತ್ರ ಅದನ್ನೆಲ್ಲಿ ಇಟ್ಟಿದ್ದೇನೆಂದು ಹುಡುಕಬೇಕಾಗುತ್ತಿತ್ತು.

ಬಾಗಿಲು ಎಂದರೆ ಕಾರಿನ ಬಾಗಿಲು. ಎರಡು ಸಾವಿರದ ಇಸವಿಯ ಆಚೀಚಿನ ವರ್ಷಗಳವು. ಅಪ್ಪ ಒಂದು ಪಂಪ್‌ಸೆಟ್ ಕಂಪನಿಯಲ್ಲಿ ಮಾರಾಟದ ಅಧಿಕಾರಿ. ಹಳ್ಳಿ ಹಳ್ಳಿ ತಿರುಗುವ ಕೆಲಸವೆಂದು ಕಂಪನಿ ಅವನಿಗೊಂದು ಬಿಳಿ ಕಾರು ಕೊಟ್ಟಿತ್ತು. ಕಂಪನಿಯೂ ಅದನ್ನು ಕೊಂಡಿರಲಿಲ್ಲ. ಇನ್ನೊಂದು ಕಂಪನಿಯಿಂದ ನಾಲ್ಕು ವರ್ಷದ ಕರಾರಿನ ಮೇಲೆ ಲೀಸಿಗೆ ತಂದಿತ್ತು. ಅವಧಿ ಮುಗಿದ ದಿನ ಅವರ ಕಡೆಯವರು ಬಂದು ಗೀರು, ತಗ್ಗು, ಕಲೆ ಎಲ್ಲ ನೋಡಿ, ತಮ್ಮ ಗಾಡಿ ತಾವು ಒಯ್ಯುವವರು. ಕರಾರಿನ ಎರಡು ಮಾತು ಅಪ್ಪನ ತಲೆಯಲ್ಲಿ ಮೊಳೆ ಹೊಡೆದಂತೆ ಕೂತವು. ಒಂದು, ಗಾಡಿ ಸುಸ್ಥಿತಿಯಲ್ಲಿ ವಾಪಸು ಹೋಗಬೇಕು. ಎರಡು, ಇಂತಿಷ್ಟು ಕಿಲೋಮೀಟರಿಗಿಂತ ಹೆಚ್ಚು ಓಡಿರಬಾರದು. ಎರಡಕ್ಕೂ ಅಪ್ಪ ಒಂದೇ ಉಪಾಯ ಕಂಡುಕೊಂಡ. ಆದಷ್ಟು ಕಾರನ್ನು ಓಡಿಸದೇ ಇರುವುದು.

ಹಳೇ ಹುಬ್ಬಳ್ಳಿಯ ನಮ್ಮ ಓಣಿಯೊಳಗೆ ಕಾರು ಹಿಡಿಸುತ್ತಿರಲಿಲ್ಲ. ಓಣಿಯ ಬಾಯಿಯಲ್ಲಿ ಹಿಟ್ಟಿನ ಗಿರಣಿಯ ಪಕ್ಕಕ್ಕೆ ನಿಲ್ಲುತ್ತಿತ್ತು. ಗಿರಣಿಯ ಹಿಟ್ಟು ಹಾರಿ ಹಾರಿ ಅದರ ಮೇಲೆ ಕೂಡುವುದು, ಅಪ್ಪ ಮುಂಜಾನೆ ಎದ್ದು ಒರೆಸುವುದು. ಒರೆಸಿ, ಮೇಲೆ ಹೊದಿಕೆ ಹೊದಿಸಿ, ಕೈಚೀಲದಲ್ಲಿ ಪಂಪಿನ ಚಿತ್ರದ ಹಾಳೆಗಳನ್ನಿಟ್ಟುಕೊಂಡು ಉಪ್ಪಿನಬೆಟಗೇರಿಯ ಬಸ್ಸು ಹಿಡಿಯುತ್ತಿದ್ದ.

"ಕಾರ್ ಇಟಗೊಂಡು ಬಸ್ಸಿನ್ಯಾಗ ಹೊಂಟೀರಲ್ರಿ?" ಎಂದು ಅವ್ವ ಕೇಳಿದರೆ, "ಎರಿಮಣ್ಣಾಗ ಗಾಡಿ ಒಯ್ದರ ಅದರ ಗತಿ ಏನ? ಅದು ತಿರುಗಿ ಕೊಡೂದೈತಿ" ಎನ್ನುತ್ತಿದ್ದ.

ಇನ್ನು ಸೀಟುಗಳು. ಕಾರು ಬಂದಾಗ ಸೀಟಿನ ಮೇಲೆ ಕಾರ್ಖಾನೆಯ ಪ್ಲಾಸ್ಟಿಕ್ ಇತ್ತು. ನಾಲ್ಕು ವರ್ಷ ಅದನ್ನು ತೆಗೆಯಲಿಲ್ಲ. ಬೇಸಿಗೆಯಲ್ಲಿ ಕೂತೆದ್ದರೆ ತೊಡೆಯ ಚರ್ಮ ಅಲ್ಲೇ ಉಳಿಯಿತೇನೋ ಎಂಬಂಥ ಸದ್ದು ಬರುತ್ತಿತ್ತು. ಆ ಸದ್ದನ್ನೂ ನಾನು ಬಾಯಲ್ಲಿ ಮಾಡುತ್ತಿದ್ದೆ. ಅದು ಗ್ಯಾದರಿಂಗಿಗೆ ತಕ್ಕದ್ದಲ್ಲ ಎಂದು ಅವ್ವ ತಡೆದಳು.

ಅಪ್ಪನ ಈ ಕಾಯ್ದೆ ನಡೆಯದಿದ್ದದ್ದು ಒಬ್ಬಳ ಮುಂದೆ. ಅವಳು ನಮ್ಮ ಆಯಿ, ಅಪ್ಪನ ಅವ್ವ. ಅವಳಿಗೊಬ್ಬಳೇ ತಂಗಿ, ಧಾರವಾಡದಲ್ಲಿ. ನಮಗವಳು ಸಣ್ಣಾಯಿ. ಇಬ್ಬರ ನಡುವೆ ಒಂದು ಬಸ್ಸಿನ ದಾರಿಯಷ್ಟೇ ಇದ್ದರೂ ಆಯಿಯ ಮೊಣಕಾಲು ಹಿಡಿದುಕೊಂಡು ಬಸ್ಸಿನ ಮೆಟ್ಟಿಲು ಅವಳ ಪಾಲಿಗೆ ಗುಡ್ಡವಾಗಿತ್ತು. ಕಾರು ಬರುವ ಮೊದಲು ಅಕ್ಕತಂಗಿಯರು ಒಬ್ಬರನ್ನೊಬ್ಬರು ನೋಡುತ್ತಿದ್ದದ್ದು ಯಾರದಾದರೂ ಲಗ್ನದಲ್ಲಿ, ಇಲ್ಲವೇ ಯಾರಾದರೂ ಸತ್ತಾಗ. ಕಾರು ಬಂದ ಮೇಲೆ ಅಪ್ಪ ತಿಂಗಳಿಗೊಂದು ರವಿವಾರ ಮಂಜೂರು ಮಾಡಿದ.

"ವಾರಕ್ಕೊಮ್ಮೆ ಹೋದರ ಏನಾಕ್ಕೈತೋ?" ಎಂದಳು ಆಯಿ.

"ಕಿಲೋಮೀಟರ್ ಮುಗೀತಾವಬೇ."

"ಮುಗ್ಯಾಕ ಅದೇನ ಜ್ವಾಳೇನೋ?"

ಮೊದಲ ಸಲ ಹೋದಾಗಲೇ ಅನಾಹುತವಾಯಿತು. ಆಯಿಯ ಇಳಕಲ್ ಸೀರೆ, ಕೆಳಗೆ ಪ್ಲಾಸ್ಟಿಕ್. ಉಣಕಲ್ ಕೆರೆಯ ಹತ್ತಿರ ಕಾರು ಹೊರಳಿದಾಗ ಆಯಿ ಎಡಗಡೆಯ ಕಿಟಕಿಯ ಬದಿಯಿಂದ ಜಾರಿ ನನ್ನ ತೊಡೆಯ ಮೇಲೆ ಬಂದು ಕೂತಳು. ನಾನು ನಗುತ್ತಿದ್ದೆ. ಆಯಿ ನಗಲಿಲ್ಲ. ಸೊಂಟದ ಚೀಲ ಬಿಚ್ಚಿ, ಅಡಿಕೆ ಕತ್ತರಿಸುವ ಅಡಕೊತ್ತು ತೆಗೆದು, ಹಿಂದಿನ ಸೀಟಿನ ಎಡಭಾಗದ ಪ್ಲಾಸ್ಟಿಕ್ಕನ್ನು ಪರ್‍ರೆಂದು ಸೀಳಿದಳು.

ಅಪ್ಪ ಗಾಡಿ ನಿಲ್ಲಿಸಿಬಿಟ್ಟ. "ಯವ್ವಾ! ಏನ ಮಾಡಿದಬೇ!"

"ಕೂಡಾಕ ಜಾಗಾ ಮಾಡಿಕೊಂಡೆ. ನಡಿ."

ಅಲ್ಲಿಂದ ಮುಂದೆ ಅದು ಆಯಿಯ ಸೀಟು. ಉಳಿದ ಸೀಟುಗಳು ಪ್ಲಾಸ್ಟಿಕ್ಕಿನೊಳಗೆ ಹೊಸದಾಗಿಯೇ ಇದ್ದವು, ಅಥವಾ ಇವೆ ಎಂದು ನಾವೆಲ್ಲ ನಂಬಿದ್ದೆವು.

ಧಾರವಾಡದಲ್ಲಿ ಇಬ್ಬರೂ ಮುದುಕಿಯರು ಕಟ್ಟೆಯ ಮೇಲೆ ಕೂತು ಬಳ್ಳೊಳ್ಳಿ ಸುಲಿಯುತ್ತಿದ್ದರು. ಸಣ್ಣಾಯಿಯ ಬಲಗಿವಿ ಮಂದ. ಆದ್ದರಿಂದ ಆಯಿ ಎಡಕ್ಕೇ ಕೂಡಬೇಕು. ತಮ್ಮ ಅವ್ವ ಹೋಳಿಗೆಯ ಹೂರಣಕ್ಕೆ ಜಾಜಿಕಾಯಿ ಹಾಕುತ್ತಿದ್ದಳೋ ಇಲ್ಲವೋ ಎಂಬ ಜಗಳ ಅವರ ನಡುವೆ ನಾಲ್ಕು ವರ್ಷವೂ ನಡೆಯಿತು. ಹೊರಡುವಾಗ ಜಗಳ ಅರ್ಧಕ್ಕೆ ನಿಲ್ಲುತ್ತಿತ್ತು. "ಮುಂದಿನ ತಿಂಗಳ ಹೇಳ್ತೇನಿ ನಿನಗ" ಎಂದು ಆಯಿ ಕಾರು ಹತ್ತುತ್ತಿದ್ದಳು. ಅಪ್ಪ ಅಷ್ಟು ಹೊತ್ತೂ ಒಳಗೆ ಬರದೆ, ಹುಡುಗರು ಗೀರಿಯಾರು, ಆಡು ಹತ್ತಿಯಾವು ಎಂದು ಕಾರಿನ ಹತ್ತಿರವೇ ನಿಂತಿರುತ್ತಿದ್ದ. ಸಣ್ಣಾಯಿ ಅವನ ಚಹಾವನ್ನು ಅಲ್ಲಿಗೇ ಕಳಿಸುತ್ತಿದ್ದಳು.

ಕರಾರು ಮುಗಿಯುವ ವರ್ಷ ಕಂಪನಿ ಹೊಸ ಸುದ್ದಿ ಹೇಳಿತು. ಅಪ್ಪನ ದರ್ಜೆಯವರಿಗೆ ಇನ್ನು ಮುಂದೆ ಕಾರಿಲ್ಲ. ಊಟ ಮಾಡುತ್ತ ಅಪ್ಪ ಇದನ್ನು ಹೇಳಿದ. ಆಯಿ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, "ಹಂಗಾರ ತಂಗಿ?" ಎಂದಳು. ಯಾರದಾದರೂ ದನಿ ತೆಗೆದು ನಗಿಸೋಣವೆಂದು ಬಾಯಿ ತೆರೆದೆ. ಒಂದೂ ಬರಲಿಲ್ಲ. ಆಯಿ ಮತ್ತೆ ಕೇಳಲೂ ಇಲ್ಲ.

ಮರಳಿ ಕೊಡುವ ದಿನ ಹತ್ತಿರ ಬಂದಂತೆ ಅಪ್ಪನಿಗೆ ನಿದ್ದೆ ಹಾರಿತು. ಹಳೆಯ ಹಲ್ಲುಜ್ಜುವ ಬ್ರಶ್ಶು ಕೊಟ್ಟು ಗಾಲಿಗಳ ಸಂದಿ ತಿಕ್ಕಲು ನನ್ನನ್ನು ಕೂರಿಸಿದ. ಡಿಕ್ಕಿಯೊಳಗಿನ ಜಾಕು ಇನ್ನೂ ತನ್ನ ಎಣ್ಣೆಕಾಗದದಲ್ಲೇ ಇತ್ತು, ಸ್ಟೆಪ್ನಿ ಗಾಲಿ ನೆಲ ಕಂಡಿರಲಿಲ್ಲ. "ಹೊಸಾದು ಹೆಂಗ ಬಂದಿತ್ತೋ ಹಂಗ ಕೊಡಾಕತ್ತೇನಿ" ಎಂದು ಗಿರಣಿಯವನಿಗೂ ಹೇಳಿ ಬಂದ.

ತಪಾಸಣೆ ಉಣಕಲ್ ದಾಟಿದ ಮೇಲೆ ಧಾರವಾಡ ರಸ್ತೆಯ ಒಂದು ಗ್ಯಾರೇಜಿನ ಅಂಗಳದಲ್ಲಿ. ತಪಾಸಣೆಗೆ ಬಂದವನು ಬೆಂಗಳೂರು ಕಡೆಯ ತರುಣ, ಮೃದು ಮಾತಿನವನು. ಕಾರಿನ ಸುತ್ತ ಒಂದು ಸುತ್ತು ಬಂದ. ಬಾಗಿದ, ಕೂತ, ಬಾಗಿಲ ಅಂಚಿನಗುಂಟ ಬೆರಳು ಎಳೆದ, ಟಾರ್ಚು ಹಾಕಿ ಕೆಳಗೆ ಇಣುಕಿದ. ಅಪ್ಪ ಕೈಕಟ್ಟಿಕೊಂಡು, ಕನ್ಯೆ ತೋರಿಸುವ ಮನೆಯ ಯಜಮಾನನಂತೆ ಅವನ ಬೆನ್ನ ಹಿಂದೆ ಹಿಂದೆಯೇ ಸುತ್ತಿದ. ಅವರಿಬ್ಬರ ಹಿಂದೆ ನಾನು, ಇಬ್ಬರ ನಡಿಗೆಯನ್ನೂ ಕಲಿಯುತ್ತ.

"ಬಾಡಿ ಸೂಪರಾಗಿದೆ ಸಾರ್. ಒಂದು ಗೀರಿಲ್ಲ" ಎಂದು ಅವನು ಬಾಗಿಲು ತೆರೆದ. "ಇದೇನ್ ಸಾರ್, ಕವರ್ ತೆಗ್ದೇ ಇಲ್ವಾ?"

"ತಗದಿಲ್ರಿ!" ಎಂದ ಅಪ್ಪ. ಆ ಒಂದು ಮಾತಿಗಾಗಿಯೇ ನಾಲ್ಕು ವರ್ಷ ಕಾದವನ ಹಾಗಿತ್ತು ಅವನ ದನಿ.

"ತೆಗೀಬೇಕಲ್ಲ ಸಾರ್. ಒಳಗೆ ನೋಡ್ಬೇಕು."

ತೆಗೆದರು. ಮೊದಲು ಬಂದದ್ದು ವಾಸನೆ, ಮಳೆಗಾಲದಲ್ಲಿ ಗಂಟು ಕಟ್ಟಿಟ್ಟ ಅರಿವೆಯದು. ಆಮೇಲೆ ಸೀಟು ಕಂಡಿತು. ನಮ್ಮ ಬೆವರು, ಒದ್ದೆ ಛತ್ರಿಯ ನೀರು ಎಲ್ಲ ಹೊಲಿಗೆಯ ಸಂದಿಯಿಂದ ಒಳಗಿಳಿದು, ಗಾಳಿಯಿಲ್ಲದೆ ಅಲ್ಲೇ ಉಳಿದು, ಬಟ್ಟೆಯ ತುಂಬ ಬೂಸಲು ಹಿಡಿದಿತ್ತು. ಅಪ್ಪನ ಸೀಟಿನ ಮೇಲೆ ಕರಿಚುಕ್ಕೆ. ಪಕ್ಕದ್ದರ ಮೇಲೆ ಹಸಿರು ಹಸಿರಾಗಿ ಯಾವುದೋ ದೇಶದ ನಕಾಶೆ.

"ಇದು ಡ್ಯಾಮೇಜ್ ಲೆಕ್ಕಕ್ಕೇ ಬರುತ್ತೆ ಸಾರ್" ಎಂದ ಅವನು, ತಾನೇ ತಪ್ಪು ಮಾಡಿದವನಂತೆ.

ಹಿಂದಿನ ಬಾಗಿಲು ತೆರೆದಾಗ ಅಪ್ಪ ಕಣ್ಣು ಮುಚ್ಚಿದಂತೆ ಮಾಡಿ, "ಅದು ನಮ್ಮವ್ವ ಕೂಡೂ ಜಾಗಾರಿ. ಹರದು ಒಗದಾಳ" ಎಂದ.

ತರುಣ ಆಯಿಯ ಸೀಟಿನ ಮೇಲೆ ಅಂಗೈಯಿಟ್ಟು ಒತ್ತಿದ. ಬಟ್ಟೆ ನುಣುಪಾಗಿತ್ತು, ತುಸು ಬಣ್ಣ ಮಾಸಿತ್ತು, ನಡುವೆ ಒಂದು ಸಣ್ಣ ತಗ್ಗು. "ಇದಕ್ಕೇನಾಗಿದೆ ಸಾರ್? ಅಜ್ಜಿ ಕೂತಿದ್ದಾರೆ, ಸವೆದಿದೆ. ನಾಲ್ಕು ವರ್ಷಕ್ಕೆ ಇಷ್ಟು ಸವೀಲೇಬೇಕು. ಸವೆತಕ್ಕೆ ನಾವೇನೂ ಅನ್ನಲ್ಲ. ಇದು ಪಾಸು."

ಕೊನೆಗೆ ಮೀಟರು. ಅವನು ಬಗ್ಗಿ ನೋಡಿದ, ಕಾಗದ ನೋಡಿದ, ಮತ್ತೆ ಮೀಟರು ನೋಡಿದ. "ಸಾರ್, ಗಾಡಿ ಓಡ್ಸೇ ಇಲ್ವಲ್ಲ. ಕೊಟ್ಟಿರೋದ್ರಲ್ಲಿ ಅರ್ಧ ಕೂಡ ಆಗಿಲ್ಲ."

ಅಪ್ಪನ ಮುಖ ಸ್ವಲ್ಪ ಅರಳಿತು. "ಹೌದ್ರಿ. ಉಳದದ್ದು ಹೆಂಗ ಮಾಡ್ತೀರಿ?"

"ಉಳಿದಿದ್ದು ಅಂದ್ರೆ?"

"ಉಳದ ಕಿಲೋಮೀಟರ್ ಇರ್ತಾವಲ್ರಿ. ಅವು ನಮ್ಮ ಹೆಸರಿಗೆ ಇರೂದಿಲ್ಲೇನು?"

ಅಪ್ಪ ಅವನ್ನು ತೆಗೆದುಕೊಳ್ಳದ ರಜೆಯ ಹಾಗೆ ಕೂಡಿಟ್ಟಿದ್ದನೆಂದು ನನಗೂ ಆಗಲೇ ಗೊತ್ತಾದದ್ದು. ತರುಣ ನಗಬಾರದೆಂದು ಬಹಳ ಪ್ರಯತ್ನಪಟ್ಟ. "ಅದು ಓಡ್ಸಿದ್ರೆ ಉಂಟು ಸಾರ್, ಓಡಿಸ್ದೇ ಇದ್ರೆ ಇಲ್ಲ" ಎಂದ.

ಅಪ್ಪ ಸ್ವಲ್ಪ ಹೊತ್ತು ಧಾರವಾಡದ ದಿಕ್ಕಿಗೆ ನೋಡುತ್ತ ನಿಂತ. ರಸ್ತೆಯಲ್ಲಿ ಬಸ್ಸುಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಆಮೇಲೆ, "ಗಾಡಿ ಯಾವಾಗ ಬಿಡಬೇಕ್ರಿ?" ಎಂದು ಕೇಳಿದ.

"ಸಂಜೆ ಒಳಗೆ ಕೀ ಕೊಡಿ ಸಾರ್. ಅಲ್ಲೀತನಕ ನಿಮ್ದೇ."

ನಾವು ಪ್ಲಾಸ್ಟಿಕ್ಕನ್ನು ಅಲ್ಲಿಯ ಕಸದ ಡಬ್ಬಿಗೆ ತುರುಕಿ ಮನೆಯ ಕಡೆ ಹೊರಟೆವು. ನಾಲ್ಕು ವರ್ಷದಲ್ಲಿ ಮೊದಲ ಸಲ ಅಪ್ಪನ ಅಂಗಿಗೆ ಆ ಸೀಟಿನ ಬಟ್ಟೆ ತಾಗಿತ್ತು. ಸ್ವಲ್ಪ ದೂರ ಬಂದ ಮೇಲೆ ಅವನೆಂದ, "ಮೆತ್ತಗ ಐತಲ್ಲೋ."

ಓಣಿಯ ಬಾಯಿಯಲ್ಲಿ ಹಾರ್ನು ಬಾರಿಸಿದ. ಹಾರ್ನೂ ಸವೆಯುತ್ತದೆಂದು ನಂಬಿದ್ದ ಮನುಷ್ಯ ಬಿಟ್ಟೂ ಬಿಡದೆ ಬಾರಿಸಿದ. ಆಯಿ ಕೋಲೂರಿಕೊಂಡು ಹೊರಗೆ ಬಂದಳು.

"ಯವ್ವಾ, ಛಲೋ ಸೀರಿ ಉಟಗೋ. ಧಾರವಾಡಕ್ಕ ಹೋಗೂಣು."

"ಇವತ್ತ್ಯಾಕೋ? ರವಿವಾರ ಅಲ್ಲ, ಏನಲ್ಲ."

"ಕಿಲೋಮೀಟರ್ ಭಾಳ ಉಳದಾವಬೇ."

ಆಯಿ ಈಗ ಬೈಯುತ್ತಾಳೆಂದು ನಾನು ಕಾದೆ. ಬೈಯಬಹುದಿತ್ತು. ತಂಗಿಯನ್ನು ನೋಡಬಹುದಾಗಿದ್ದ ಅಷ್ಟು ವಾರಗಳು ಆ ಮೀಟರಿನಲ್ಲಿ ಸುಮ್ಮನೆ ಬಿದ್ದಿದ್ದವು. ಅವಳು ಮಗನ ಮುಖವನ್ನೊಮ್ಮೆ ನೋಡಿ ಒಳಗೆ ಹೋದಳು. ಬರುವಾಗ ಒಂದು ಚೀಲ, ಜೊತೆಗೆ ತಾನು ಹೊದೆಯುವ ಕೌದಿಯನ್ನು ಸುತ್ತಿ ಕಟ್ಟಿದ ಗಂಟು.

"ಕೌದಿ ಯಾಕಬೇ?" ಎಂದೆ.

"ನೀ ಸುಮ್ಮ ಹತ್ತೋ ಮಂಗ್ಯಾ."

ಆವತ್ತು ಕಿಟಕಿಗಳೆಲ್ಲ ತೆರೆದಿದ್ದವು. ಧಾರವಾಡದಲ್ಲಿ ಇಳಿದಾಗ ಅಪ್ಪನ ಕೈಯಿಂದಲೇ ಬಾಗಿಲು ಧಡ್ ಎಂದಿತು. ನಾನು ಬಿಡುತ್ತೇನೆಯೇ? ಚಷ್ಮಾ ಇಲ್ಲದಿದ್ದರೂ ಮೂಗಿನ ಮೇಲೆ ಬೆರಳಿಟ್ಟು, "ಬಾಗ್ಲಾ ಸಾವಕಾಶ!" ಎಂದೆ.

"ಆಗಲಿ ಬಿಡೋ," ಎಂದ ಅಪ್ಪ, "ಬಾಗಲಾ ಇರೂದ ಹಾಕಾಕ."

ಓಣಿಯ ಹುಡುಗರು ಕಾರಿನ ಸುತ್ತ ನೆರೆದರು. ಅಪ್ಪ ಒಮ್ಮೆ ಹೊರಳಿ ನೋಡಿದ, ಕುತ್ತಿಗೆ ನೆಟ್ಟಗೆ ಮಾಡಿಕೊಂಡ, ಒಳಗೆ ಬಂದ. ಸಣ್ಣಾಯಿ ಗಾಬರಿಯಾಗಿ, "ಗಾಡಿ ಎಲ್ಲೋ? ಮಾರಿದಿ?" ಎಂದಳು. ಅವಳ ಮನೆಯಲ್ಲಿ ಅವನು ಕೂತು ಉಂಡದ್ದನ್ನು ನಾನು ನೋಡಿದ್ದು ಅದೇ ಮೊದಲು. ಎರಡು ರೊಟ್ಟಿ ಹೆಚ್ಚೇ ಉಂಡ.

ಬಿಸಿಲು ಇಳಿಯತೊಡಗಿತು. "ಏಳಬೇ, ಗಾಡಿ ಬಿಡೂದೈತಿ" ಎಂದು ಅಪ್ಪ ಎದ್ದು ನಿಂತ. ಆಯಿ ಕಟ್ಟೆ ಬಿಟ್ಟು ಅಲ್ಲಾಡಲಿಲ್ಲ.

"ನೀವು ಹೋಗ್ರಿ. ನಾ ಇಲ್ಲೇ ಇರ್ತೇನಿ."

"ಇಲ್ಲೇ ಅಂದ್ರ?"

"ಇಲ್ಲೇ ಅಂದ್ರ ಇಲ್ಲೇ. ನನಗ ಬಸ್ ಹತ್ತಾಕ ಆಗೂದಿಲ್ಲ. ನಿಮಗ ಆಕ್ಕೈತಲ್ಲ?"

ಅಪ್ಪ ಬಾಗಿಲ ಚೌಕಟ್ಟು ಹಿಡಿದುಕೊಂಡ. "ಎಷ್ಟ ದಿನಾ ಇರಾಕಿ ಯವ್ವಾ?"

"ಯಾಕ, ಕರಾರು ಬರದುಕೊಡ್ಲೇನು?"

ಎಡಗಿವಿಯಿಂದ ಎಲ್ಲ ಕೇಳಿಸಿಕೊಂಡಿದ್ದ ಸಣ್ಣಾಯಿ ಬಳ್ಳೊಳ್ಳಿಯ ಸಿಪ್ಪೆ ಊದುತ್ತ, "ನಾಕ ವರ್ಷ ಅಂತ ಬರದುಬಿಡಕ್ಕಾ" ಎಂದಳು. ಇಬ್ಬರೂ ಮುದುಕಿಯರು ಒಬ್ಬರ ಹೆಗಲಿಗೊಬ್ಬರು ಒರಗಿ ನಕ್ಕರು. ಅಪ್ಪನೂ ನಕ್ಕ. ನಗುತ್ತ ಚಷ್ಮಾ ತೆಗೆದು, ಕಾರಿನ ಗಾಜು ಒರೆಸುತ್ತಿದ್ದಷ್ಟೇ ಜತನದಿಂದ ಬಹಳ ಹೊತ್ತು ಒರೆಸಿದ.

ಹಿಂದಿರುಗುವಾಗ ನಾನು ಆಯಿಯ ಸೀಟಿನಲ್ಲಿ ಕೂತೆ. ಅಲ್ಲಿಯ ತಗ್ಗು ಅವಳ ಅಳತೆಯದು. ನನಗೆ ಒಂದು ಕಡೆ ಸಡಿಲ, ಒಂದು ಕಡೆ ಬಿಗಿ. ಅಪ್ಪ ಕನ್ನಡಿಯಲ್ಲಿ ಎರಡು ಮೂರು ಸಲ ಹಿಂದೆ ನೋಡಿದ. ಗ್ಯಾರೇಜಿನಲ್ಲಿ ಎರಡೂ ಕೀಲಿ ಕೊಟ್ಟು, ಬೂಸಲು ಹಿಡಿದ ಸೀಟುಗಳ ಬಗ್ಗೆ ಒಂದು ಮಾತೂ ವಾದಿಸದೆ ಸಹಿ ಮಾಡಿದ. ಆಮೇಲೆ ಇಬ್ಬರೂ ಬಸ್ಸು ಹಿಡಿದೆವು.

ಮುಂದೆ ಪ್ರತಿ ರವಿವಾರ ನಾವು ಧಾರವಾಡಕ್ಕೆ ಹೋಗತೊಡಗಿದೆವು. ತಿಂಗಳಿಗೊಮ್ಮೆಯ ಲೆಕ್ಕ ತಾನಾಗಿಯೇ ಅಳಿಸಿಹೋಯಿತು. ಬಸ್ಸಿನ ಮೊದಲ ಮೆಟ್ಟಿಲಿಗೆ ಕಾಲಿಡುವಾಗ ಅಪ್ಪ ಒಮ್ಮೆ ಸರಳು ಹಿಡಿದು ನಿಂತು, "ಖರೇನ ಎತ್ತರ ಐತೋ" ಎಂದ. ಹಿಂದಿನವರು ಅವನನ್ನು ಮೇಲಕ್ಕೆ ನೂಕಿದರು.

ಆ ತಪಾಸಣೆಯ ತರುಣನನ್ನು ನಾನು ಒಂದು ರವಿವಾರ ಮುದುಕಿಯರ ಮುಂದೆ ಮಾಡಿ ತೋರಿಸಿದ್ದೆ. ಬಾಗುವುದು, ಬೆರಳೆಳೆಯುವುದು, "ಸೂಪರಾಗಿದೆ ಸಾರ್", "ಇದು ಪಾಸು" ಎಲ್ಲ. ನನ್ನ ವಿದ್ಯೆ ಕದಿಯುವವರು ಮನೆಯಲ್ಲೇ ಇದ್ದಾರೆಂದು ಗೊತ್ತಿರಲಿಲ್ಲ. ಮುಂದಿನ ರವಿವಾರ ನಾವು ಒಳಗೆ ಕಾಲಿಡುವಷ್ಟರಲ್ಲಿ ಆಯಿ ಕೋಲು ಅಡ್ಡ ಹಿಡಿದು, ಅಪ್ಪನನ್ನು ಅಂಗಳದಲ್ಲಿ ನಿಲ್ಲಿಸಿ, ಸುತ್ತ ಒಂದು ಸುತ್ತು ಬಂದಳು.

"ಹೊಟ್ಟಿ ಒಳಗ ಹೋಗೇತಿ. ಸೊಸಿ ಉಣ್ಣಾಕ ಹಾಕವಲ್ಲಳೇನು?" ಬೆನ್ನಿಗೆ ಕೋಲಿನಿಂದ ಮೆಲ್ಲಗೆ ತಟ್ಟಿದಳು. "ಇಲ್ಲಿ ಬಗ್ಗೇತಿ." ಆಮೇಲೆ ಅವನ ತಲೆ ತನ್ನ ಕಡೆ ಬಗ್ಗಿಸಿಕೊಂಡು ಕೂದಲಲ್ಲಿ ಬೆರಳಾಡಿಸಿದಳು. "ಇದ್ಯಾವಾಗ ಇಷ್ಟು ಬೆಳ್ಳಗಾತೋ?"

ಅಪ್ಪ ತಲೆ ಎತ್ತದೆ ಹಾಗೇ ನಿಂತಿದ್ದ. "ಅದು ಸವೆತಬೇ" ಎಂದ.

"ಹಂಗಾರ ಪಾಸು" ಎಂದಳು ಆಯಿ. "ಒಳಗ ಬಾ. ಬಾಗ್ಲಾ ಸಾವಕಾಶ ಹಾಕು, ತಂಗಿ ಮಲಗ್ಯಾಳ."